ಅಡಿಕೆ ಬೇಯುವ ಕಾಲಕ್ಕೆ ಶಿಕಾರಿಪುರ, ಸೊರಬ

ನಾಸಿಕದ ವೈನ್ ತೋಟಗಳಿಗೆ ಹೋಗುವವರು ದ್ರಾಕ್ಷಿ ಕೊಯ್ಲಿನ ತಿಂಗಳು ನೋಡಿಕೊಂಡೇ ಹೊರಡುತ್ತಾರೆ. ಅಡಿಕೆ ಸೀಮೆಗೂ ಹಾಗೇ ಹೋಗಬೇಕು. ಮಳೆಗಾಲದಲ್ಲಿ ಬಂದರೆ ಕಾಣುವುದು ಹಸಿರು, ಕಾಲಿಗೆ ಹತ್ತುವುದು ಇಂಬಳ. ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಬಂದರೆ ಹಸಿರು ಕಾಯಿ ಕೆಂಪಡಿಕೆಯಾಗುವ ಇಡೀ ಕೆಲಸ ಕಣ್ಣೆದುರೇ ನಡೆಯುತ್ತಿರುತ್ತದೆ.

ದಾರಿ

ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ಶಿಕಾರಿಪುರಕ್ಕೆ ಬಸ್ಸು. ಮುಂದೆ ಶಿರಾಳಕೊಪ್ಪದ ಮೇಲೆ ಸೊರಬ. ವಾಪಸ್ಸು ಬರುವವರು ಸಾಗರಕ್ಕೆ ಇಳಿದು ರೈಲು ಹಿಡಿಯಬಹುದು. ಸೊರಬ ತಾಲ್ಲೂಕಿನ ಚಂದ್ರಗುತ್ತಿ ದಾಟಿದರೆ ಉತ್ತರ ಕನ್ನಡದ ಗಡಿ. ಆಚೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆಗೆ 2019ರಲ್ಲಿ ‘ಸಿರ್ಸಿ ಸುಪಾರಿ’ ಎಂಬ ಭೌಗೋಳಿಕ ಸೂಚಿಕೆ ಸಿಕ್ಕಿತು. ಈಚೆಯ ತೋಟಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ಎರಡು ಬಗೆಯ ತೋಟ

ಶಿಕಾರಿಪುರದ ಕಡೆ ಬಯಲು ಹೆಚ್ಚು. ಭತ್ತದ ಗದ್ದೆಯಲ್ಲೇ ಎದ್ದ ಹೊಸ ತೋಟಗಳು ಇಲ್ಲಿ ಸಾಲು ಹಿಡಿದು ನಿಂತಿವೆ. ಅನೇಕವು ಕೊಳವೆಬಾವಿ ನಂಬಿದವು. ಸೊರಬದ ಹಳೆಯ ತೋಟಗಳು ಕಣಿವೆಯ ತಗ್ಗಿನಲ್ಲಿವೆ. ಸುತ್ತ ಸೊಪ್ಪಿನಬೆಟ್ಟ ಅಥವಾ ಕಾನು ಎಂಬ ಕಾಡು, ಮರಗಳ ನಡುವೆ ನೀರು ಬಸಿಯಲು ಕಾದಿಗೆ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ವರದಿ ಬರೆದಿದ್ದರು. ಬೆಟ್ಟದ ಸೊಪ್ಪು ಗೊಬ್ಬರವಾಗಿ ತೋಟಕ್ಕಿಳಿಯುವುದರಿಂದ ಇಲ್ಲಿ ಕಾಡು ತೋಟದ ಬೇಲಿಯಾಚೆಗಿನ ವಸ್ತುವಲ್ಲ, ತೋಟದ ಬಂಡವಾಳ.

ಮರದಿಂದ ಹಂಡೆಗೆ

ಮೊದಲು ಕೊನೆ, ಅಂದರೆ ಗೊನೆ, ಕೊಯ್ಲು. ಕೊನೆಗಾರ ಮರವೇರಿ ಗೊನೆ ಕಡಿದು ನೇಣಿಗೆ ಬಿಡುತ್ತಾನೆ. ಕೆಳಗೆ ನೇಣು ಹಿಡಿದವನ ಹತ್ತಿರಕ್ಕೆ ಅದು ಜಾರಿ ಬರುತ್ತದೆ. ಮರವೇರುವವರು ಕಡಿಮೆಯಾದ ಕಡೆ ಈಗ ಉದ್ದನೆಯ ಹಗುರ ದೋಟಿ ಬಂದಿದೆ. ನೋಡುವವರು ಮರದ ಬುಡದಿಂದ ದೂರ ನಿಲ್ಲಬೇಕು.

ಸಂಜೆಯಾಗುತ್ತಲೇ ಸುಲಿತ. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರ ಕೈ ವೇಗ ನೋಡಬೇಕಾದದ್ದೇ. ದೊಡ್ಡ ಬೆಳೆಗಾರರಲ್ಲಿ ಈ ಕೆಲಸಕ್ಕೆ ಯಂತ್ರ ಬಂದಿದೆ.

ಆಮೇಲೆ ಹಂಡೆ. ಸುಲಿದ ಅಡಿಕೆಯನ್ನು ಚೊಗರು ಬೆರೆಸಿದ ನೀರಿನಲ್ಲಿ ಬೇಯಿಸುತ್ತಾರೆ. ಚೊಗರೆಂದರೆ ಹಿಂದಿನ ಅಡಿಕೆ ಬೆಂದು ಉಳಿದ, ಒಗರು ತುಂಬಿದ ಕೆಂಪು ರಸ. ಬಣ್ಣ, ಹೊಳಪು ಎರಡೂ ಅದರಿಂದಲೇ. ಬೆಂದದ್ದನ್ನು ಒಂದು ವಾರದಷ್ಟು ಬಿಸಿಲಿಗೆ ಹರವಬೇಕು. ನಡುವೆ ಮೋಡ ಕವಿದರೆ ಬೂಷ್ಟು ಹಿಡಿಯುವ ಭಯ.

ದರ್ಜೆ ಹುಟ್ಟುವುದು ಎಲ್ಲಿ

ಇಲ್ಲಿ ಗಮನಿಸಬೇಕಾದ್ದು ಕೊಯ್ಲಿನ ದಿನ. ಒಂದೇ ಮರದ ಕಾಯಿ ತೀರ ಎಳತಿದ್ದಾಗ ಕೊಯ್ದರೆ ಸರಕು, ಅಂದರೆ ಹಸ; ಸ್ವಲ್ಪ ಬಲಿತರೆ ಬೆಟ್ಟೆ; ಇನ್ನಷ್ಟು ಬಲಿತರೆ ರಾಶಿ; ಕೊಯ್ಲು ತಡವಾಗಿ ಗಟ್ಟಿಯಾದದ್ದು ಗೊರಬಲು. ಹಣ್ಣಾಗಲು ಬಿಟ್ಟರೆ ಕೆಂಪಡಿಕೆಯ ದಾರಿಯೇ ತಪ್ಪಿ ಅದು ಗೋಟು. ಎಳೆಯದಕ್ಕೆ ದರ ಹೆಚ್ಚು, ತೂಕ ಕಡಿಮೆ. ಬಲಿತದ್ದಕ್ಕೆ ತೂಕ ಹೆಚ್ಚು, ದರ ಕಡಿಮೆ. ಬೆಳೆಗಾರ ಪ್ರತಿ ವರ್ಷ ಹಾಕುವ ಲೆಕ್ಕ ಇದು. ಶಿವಮೊಗ್ಗಕ್ಕೆ ಮರಳಿದಾಗ ಅಡಿಕೆ ಮಂಡಿಗೆ ಹೊಕ್ಕರೆ ಈ ಹೆಸರುಗಳ ಮುಂದೆ ದಿನದ ದರ ಬರೆದಿರುವುದನ್ನು ನೋಡಬಹುದು.

ಯಾರನ್ನು ಕೇಳಬೇಕು

ತೋಟಕ್ಕೆ ಟಿಕೆಟ್ ಇಲ್ಲ, ಬಾಗಿಲೂ ಇಲ್ಲ, ಹಾಗೆಂದು ನುಗ್ಗುವಂತಿಲ್ಲ. ಬಹಳ ಕಡೆ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿರುತ್ತಾರೆ. ಆಗ ತೋಟದ ಯಜಮಾನರ ಜತೆಗೆ ಚೇಣಿದಾರರ ಒಪ್ಪಿಗೆಯೂ ಬೇಕು, ಏಕೆಂದರೆ ಹಂಡೆ, ಆಳು, ಅಂಗಳ ಎಲ್ಲ ಅವರದು. ‘ಸ್ವಲ್ಪ ನೋಡ್ಬಹುದಾ’ ಎಂದು ಕೇಳಿದರೆ ಬೇಡ ಎನ್ನುವವರು ಕಡಿಮೆ. ಹರವಿದ ಅಡಿಕೆ ಮಾತ್ರ ತುಳಿಯಬೇಡಿ.

ಎರಡು ಎಚ್ಚರ

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗು, ಡಿಸೆಂಬರ್‌ನಿಂದ ಮೇ ತನಕ ಅದರ ಕಾಟ ಜಾಸ್ತಿ. ಆ ತಿಂಗಳುಗಳಲ್ಲಿ ಕಾನಿನೊಳಗೆ ತಿರುಗಬೇಡಿ. ಹೋಗಲೇಬೇಕಾದರೆ ಮೈ ತುಂಬ ಬಟ್ಟೆ ಹಾಕಿ, ಉಣುಗು ದೂರವಿಡುವ ಡೆಪಾ ಎಣ್ಣೆ ಹಚ್ಚಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಇನ್ನೊಂದು, ಅಂಗಳದಲ್ಲಿ ಕೊಟ್ಟ ಅಡಿಕೆಯನ್ನು ಬಾಯಿಗೆ ಹಾಕುವ ಮುನ್ನ ತಿಳಿದಿರಲಿ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಎರಡೇ ದಿನವಿದ್ದರೆ

ಮೊದಲ ದಿನ ಶಿಕಾರಿಪುರ. ದೊಡ್ಡ ಅಂಗಳಗಳಲ್ಲಿ ಸುಲಿತ, ಬೇಯಿಸುವುದು, ಒಣಗಿಸುವುದು ಒಟ್ಟಿಗೇ ಸಿಗುತ್ತವೆ; ನಡುವೆ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೂ ಸಮಯವಿರುತ್ತದೆ. ಎರಡನೆಯ ದಿನ ಬೆಳಗ್ಗೆ ಬೇಗ ಸೊರಬಕ್ಕೆ ಹೋಗಿ, ಬಿಸಿಲೇರುವ ಮುಂಚೆ ಚಂದ್ರಗುತ್ತಿಯ ರೇಣುಕಾಂಬೆಯ ಗುಹಾಲಯ ಮತ್ತು ಕೋಟೆಯ ಗುಡ್ಡ ಮುಗಿಸಿ, ಮಧ್ಯಾಹ್ನ ಹಳೆಯ ತೋಟಕ್ಕಿಳಿಯಿರಿ. ಕೆಲಸದ ಹಂತಗಳೆಲ್ಲ ಹಿಂದಿನ ದಿನವೇ ತಿಳಿದಿರುವುದರಿಂದ ಅಲ್ಲಿನ ಯಜಮಾನರ ಬಳಿ ಬೆಟ್ಟ, ನೀರು, ಈ ವರ್ಷದ ಕೊಳೆರೋಗದ ಬಗ್ಗೆ ಮಾತಿಗೆ ಕೂರಬಹುದು.