ಕಾರ್ಖಾನೆಯ ಗೋಡೆಗಳೊಳಗೆ ಕಲೆಯ ಬೀಡು: ಬೀಜಿಂಗ್‌ನ 798

ಚೀನಾದ ರಾಜಧಾನಿ ಬೀಜಿಂಗ್‌ನ ಈಶಾನ್ಯ ಭಾಗದಲ್ಲಿರುವ ದಶಾನ್‌ಝಿ ಪ್ರದೇಶಕ್ಕೆ ಕಾಲಿಟ್ಟವರಿಗೆ ಮೊದಲು ಕಾಣಿಸುವುದು ಚಿತ್ರಗಳಲ್ಲ. ಇಟ್ಟಿಗೆಯ ಗೋಡೆಗಳು, ಎತ್ತರದ ಹೊಗೆಕೊಳವೆಗಳು, ರಸ್ತೆಯ ಮೇಲೆ ಹಾದುಹೋಗುವ ದಪ್ಪನೆಯ ಕಬ್ಬಿಣದ ಕೊಳವೆಗಳು. ಇವುಗಳ ನಡುವೆಯೇ ಗ್ಯಾಲರಿಗಳು, ಪುಸ್ತಕ ಮಳಿಗೆಗಳು, ಕಾಫಿ ಅಂಗಡಿಗಳು ತಲೆಯೆತ್ತಿವೆ. '798 ಕಲಾ ವಲಯ' ಎಂದು ಜಗತ್ತಿನಾದ್ಯಂತ ಹೆಸರಾಗಿರುವ ಈ ಬಡಾವಣೆ ಒಂದು ಕಾಲದಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲದ ಸರ್ಕಾರಿ ಕಾರ್ಖಾನೆಯಾಗಿತ್ತು.

ಹೆಸರೇ ಒಂದು ಸಂಖ್ಯೆ

ಹೊಸ ಚೀನಾದ ಮೊದಲ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಸೇನೆಗೆ ಹಾಗೂ ಸಂಪರ್ಕ ವ್ಯವಸ್ಥೆಗೆ ಬೇಕಾದ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ದೇಶದಲ್ಲೇ ತಯಾರಿಸುವ ನಿರ್ಧಾರವಾಯಿತು. ನೆರವಿಗೆ ಬಂದದ್ದು ಅಂದಿನ ಪೂರ್ವ ಜರ್ಮನಿ. ಅಲ್ಲಿನ ತಜ್ಞರ ವಿನ್ಯಾಸದಂತೆ ನಿರ್ಮಾಣಗೊಂಡ '718 ಜಂಟಿ ಕಾರ್ಖಾನೆ' 1957ರಲ್ಲಿ ಉತ್ಪಾದನೆ ಆರಂಭಿಸಿತು. ರಕ್ಷಣಾ ವಲಯಕ್ಕೆ ಸಂಬಂಧಿಸಿದ ಕಾರ್ಖಾನೆಗಳಿಗೆ 7ರಿಂದ ಆರಂಭವಾಗುವ ಸಂಖ್ಯೆಗಳನ್ನು ನೀಡುವುದು ಆಗಿನ ಪದ್ಧತಿ. 1964ರಲ್ಲಿ ಈ ಬೃಹತ್ ಘಟಕವನ್ನು ಹಲವು ಸ್ವತಂತ್ರ ಕಾರ್ಖಾನೆಗಳಾಗಿ ವಿಭಜಿಸಲಾಯಿತು. ಅವುಗಳಲ್ಲಿ ಒಂದರ ಸಂಖ್ಯೆಯೇ 798.

ಇಲ್ಲಿನ ಕಟ್ಟಡಗಳ ವಿಶೇಷವಿರುವುದು ಮೇಲ್ಛಾವಣಿಯಲ್ಲಿ. ಗರಗಸದ ಹಲ್ಲುಗಳಂತೆ ಸಾಲಾಗಿ ಏರಿಳಿಯುವ ಛಾವಣಿಯ ಗಾಜಿನ ಕಿಟಕಿಗಳೆಲ್ಲ ಉತ್ತರಕ್ಕೆ ಮುಖ ಮಾಡಿವೆ. ಉತ್ತರ ಗೋಳಾರ್ಧದಲ್ಲಿ ಆ ದಿಕ್ಕಿನಿಂದ ನೇರ ಬಿಸಿಲು ಬೀಳುವುದು ಕಡಿಮೆ. ಹೀಗಾಗಿ ಒಳಗೆ ದಿನವಿಡೀ ಒಂದೇ ಹದದ, ನೆರಳು ಕಡಿಮೆಯಿರುವ ಬೆಳಕು ದೊರೆಯುತ್ತದೆ. ಸೂಕ್ಷ್ಮ ಬಿಡಿಭಾಗಗಳನ್ನು ಜೋಡಿಸುವ ಕಾರ್ಮಿಕರ ಕಣ್ಣಿಗಾಗಿ ರೂಪಿಸಿದ ಈ ಬೆಳಕೇ ಮುಂದೆ ಚಿತ್ರಕಾರರನ್ನೂ ಶಿಲ್ಪಿಗಳನ್ನೂ ಸೆಳೆಯಿತು. ಕಮಾನುಗಳ ಆಧಾರದಲ್ಲಿ ನಿಂತ ವಿಶಾಲ ಒಳಾಂಗಣ ದೊಡ್ಡ ಗಾತ್ರದ ಕೃತಿಗಳಿಗೂ ಅನುಕೂಲವಾಯಿತು.

ಕಾರ್ಮಿಕರು ಹೋದರು, ಕಲಾವಿದರು ಬಂದರು

ಆರ್ಥಿಕ ಸುಧಾರಣೆಯ ನಂತರ ಸರ್ಕಾರದ ಬೇಡಿಕೆ ಕುಸಿಯಿತು. 1990ರ ದಶಕದ ವೇಳೆಗೆ ಬಹುತೇಕ ಶಾಖೆಗಳಲ್ಲಿ ಉತ್ಪಾದನೆ ನಿಂತು, ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಉಳಿದ ಆಸ್ತಿಯ ಹೊಣೆ ಹೊತ್ತ ಸೆವೆನ್ ಸ್ಟಾರ್ ಎಂಬ ಸರ್ಕಾರಿ ಸಂಸ್ಥೆ ಖಾಲಿ ಶೆಡ್ಡುಗಳನ್ನು ಬಾಡಿಗೆಗೆ ಬಿಡತೊಡಗಿತು.

1995ರಲ್ಲಿ ಕೇಂದ್ರ ಲಲಿತಕಲಾ ಅಕಾಡೆಮಿ ತನ್ನ ಹಳೆಯ ಆವರಣ ತೊರೆದು ತಾತ್ಕಾಲಿಕವಾಗಿ ಇದೇ ಸುತ್ತಮುತ್ತಲಿಗೆ ಬಂದಿತು. ಅದರ ಶಿಲ್ಪ ವಿಭಾಗಕ್ಕೆ ಅಗ್ಗದ, ಎತ್ತರದ ಕಾರ್ಯಾಗಾರ ಬೇಕಿತ್ತು. ಶಿಲ್ಪಿ ಸೂಯಿ ಜಿಯಾಂಗುವೊ ಮೊದಲಾದವರು ಇಲ್ಲಿ ನೆಲೆ ಕಂಡುಕೊಂಡರು. 2002ರಲ್ಲಿ ಕಲಾವಿದ ಹುವಾಂಗ್ ರೂಯಿ ಅವರ ಸಹಕಾರದೊಂದಿಗೆ ಜಪಾನಿನ ಟೋಕಿಯೊ ಗ್ಯಾಲರಿ ತನ್ನ ಶಾಖೆಯನ್ನು ತೆರೆಯಿತು. ದುರಸ್ತಿಯ ವೇಳೆ ಕಮಾನುಗಳ ಮೇಲಿದ್ದ ಮಾವೋ ಕಾಲದ ಕೆಂಪು ಘೋಷಣೆಗಳನ್ನು ಅಳಿಸದೆ ಹಾಗೆಯೇ ಉಳಿಸಿಕೊಳ್ಳಲಾಯಿತು.

ಆದರೆ ಕಲಾವಿದರಿಗೆ ಸಿಕ್ಕಿದ್ದು ಅಲ್ಪಾವಧಿಯ ನೆಲೆಯಷ್ಟೆ. ಕಟ್ಟಡಗಳನ್ನು ಕೆಡವಿ ಆಧುನಿಕ ಎಲೆಕ್ಟ್ರಾನಿಕ್ ನಗರ ನಿರ್ಮಿಸುವ ಯೋಜನೆ ಸಿದ್ಧವಾಗಿತ್ತು. 2005ರ ಕೊನೆಯೊಳಗೆ ಜಾಗ ತೆರವಾಗಬೇಕಿತ್ತು. ಬೀಜಿಂಗ್ ಜನಪ್ರತಿನಿಧಿ ಸಭೆಯ ಸದಸ್ಯರೂ ಆಗಿದ್ದ ಶಿಲ್ಪಿ ಲಿ ಶಿಯಾಂಗ್‌ಚುನ್ 2004ರಲ್ಲಿ ಈ ಕಟ್ಟಡಗಳನ್ನು ಕೈಗಾರಿಕಾ ಪರಂಪರೆಯೆಂದು ಉಳಿಸಬೇಕೆಂಬ ಪ್ರಸ್ತಾವ ಮಂಡಿಸಿದರು. ಅದೇ ವರ್ಷ ಕಲಾವಿದರು ಅಂತರರಾಷ್ಟ್ರೀಯ ಕಲೋತ್ಸವ ನಡೆಸಿ ಜನರ ಗಮನ ಸೆಳೆದರು. ಕೊನೆಗೆ ಆಡಳಿತ ಮನಸ್ಸು ಬದಲಿಸಿತು. 2006ರಲ್ಲಿ ಈ ವಲಯಕ್ಕೆ ಸಾಂಸ್ಕೃತಿಕ ಉದ್ಯಮ ಕೇಂದ್ರವೆಂಬ ಅಧಿಕೃತ ಮಾನ್ಯತೆ ದೊರೆಯಿತು.

ಉಳಿದದ್ದು ಯಾರಿಗೆ?

ಮಾನ್ಯತೆಯ ಬೆನ್ನಲ್ಲೇ ಬಂಡವಾಳವೂ ಬಂದಿತು. 2007ರಲ್ಲಿ ಬೆಲ್ಜಿಯಂನ ಉಲೆನ್ಸ್ ದಂಪತಿ ಸ್ಥಾಪಿಸಿದ ಸಮಕಾಲೀನ ಕಲಾ ಕೇಂದ್ರ, ಅಂದರೆ ಯುಸಿಸಿಎ, ಹಳೆಯ ಶೆಡ್ಡಿನಲ್ಲಿಯೇ ಬಾಗಿಲು ತೆರೆಯಿತು. 2017ರಲ್ಲಿ ಅದರ ಒಡೆತನ ಬೇರೆಯವರ ಕೈಸೇರಿದರೂ ಕೇಂದ್ರ ಇಂದಿಗೂ ಅಲ್ಲಿಯೇ ಇದೆ. ಪ್ರವಾಸಿಗರ ಸಂಖ್ಯೆ ಏರಿದಂತೆ ಬಾಡಿಗೆಯೂ ಏರಿತು. ಹಲವು ಕಲಾವಿದರು ಸ್ಟುಡಿಯೊ ಖಾಲಿ ಮಾಡಿ ನಗರದಂಚಿನ ಸಾಂಗ್‌ಝುವಾಂಗ್‌ನಂತಹ ಹಳ್ಳಿಗಳಿಗೆ ತೆರಳಿದರು. ವಲಯದ ಉಳಿವಿಗಾಗಿ ದನಿಯೆತ್ತಿದ್ದ ಹುವಾಂಗ್ ರೂಯಿ ಅವರೂ ತಮ್ಮ ಸ್ಟುಡಿಯೊ ಬಿಡಬೇಕಾಯಿತು.

ಕಲೆ ಕಟ್ಟಡವನ್ನು ಉಳಿಸಿತು. ಉಳಿದ ಕಟ್ಟಡ ಕಲಾವಿದನಿಗೆ ದುಬಾರಿಯಾಯಿತು. ಹಳೆಯ ಕೈಗಾರಿಕಾ ಪ್ರದೇಶಗಳನ್ನು ಕಲಾ ಕೇಂದ್ರಗಳಾಗಿಸಲು ಹೊರಡುವ ಯಾವುದೇ ನಗರ ಈ ಮಾತನ್ನು ಗಮನಿಸಬೇಕಿದೆ. ದೀರ್ಘಾವಧಿಯ ಗುತ್ತಿಗೆಯೋ ಬಾಡಿಗೆಗೆ ಮಿತಿಯೋ ಇಲ್ಲದಿದ್ದರೆ ಮೊದಲು ಬಂದವರೇ ಮೊದಲು ಹೊರಹೋಗಬೇಕಾಗುತ್ತದೆ.

ಭೇಟಿ ನೀಡುವವರಿಗೆ

ವಲಯದ ಬೀದಿಗಳಲ್ಲಿ ಸುತ್ತಾಡಲು ಶುಲ್ಕವಿಲ್ಲ. ಕೆಲವು ಪ್ರದರ್ಶನಗಳಿಗೆ ಮಾತ್ರ ಟಿಕೆಟ್ ಬೇಕು. ಮೆಟ್ರೊ 14ನೇ ಮಾರ್ಗದ ಜಿಯಾಂಗ್‌ಟೈ ನಿಲ್ದಾಣ ಸಮೀಪದಲ್ಲಿದೆ. ಸೋಮವಾರ ಅನೇಕ ಗ್ಯಾಲರಿಗಳು ಮುಚ್ಚಿರುವುದರಿಂದ ಬೇರೆ ದಿನ ಹೋಗುವುದು ಒಳಿತು. ಪಕ್ಕದಲ್ಲೇ ಇರುವ 751 ಎಂಬ ಹಳೆಯ ಅನಿಲ ಕಾರ್ಖಾನೆಯ ಆವರಣದಲ್ಲಿ ಬೃಹತ್ ಅನಿಲ ತೊಟ್ಟಿಗಳನ್ನೂ ಉಗಿಬಂಡಿಯೊಂದನ್ನೂ ಕಾಣಬಹುದು. ಗ್ಯಾಲರಿಯೊಳಗೆ ಗೋಡೆಯ ಚಿತ್ರಗಳನ್ನು ನೋಡಿ ಮುಗಿಸಿದ ಬಳಿಕ ಒಮ್ಮೆ ತಲೆಯೆತ್ತಿ ಛಾವಣಿಯತ್ತಲೂ ನೋಡಬೇಕು. ಆ ಉತ್ತರದ ಬೆಳಕಿನಡಿ ದಶಕಗಳ ಕಾಲ ಬಿಡಿಭಾಗ ಜೋಡಿಸುತ್ತ ಕುಳಿತಿದ್ದವರ ಹೆಸರುಗಳು ಗ್ಯಾಲರಿಗಳ ಫಲಕಗಳಲ್ಲಿ ಸಿಗುವುದಿಲ್ಲ.