ಎಕ್ಸ್‌ರೇ ಹಿಡಿಯುವ ಹರಳು

ಹೈದರಾಬಾದಿನ ಕುಷಾಯಿಗೂಡಕ್ಕೆ ಅಂಟಿಕೊಂಡಿರುವ ಇಸಿಐಎಲ್ ಕಾರ್ಖಾನೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಮತಯಂತ್ರ. ಆದರೆ 1967ರಲ್ಲಿ ಎ. ಎಸ್. ರಾವ್ ಅವರ ಮುಂದಾಳತ್ವದಲ್ಲಿ, ಅಣುಶಕ್ತಿ ಇಲಾಖೆಯ ಅಡಿ ಹುಟ್ಟಿದ ಈ ಸಂಸ್ಥೆಗೆ ಇನ್ನೊಂದು ಮುಖ್ಯ ಕಸುಬಿದೆ: ಕಣ್ಣಿಗೆ ಕಾಣದ ವಿಕಿರಣವನ್ನು ಅಳೆಯುವ ಉಪಕರಣಗಳ ತಯಾರಿಕೆ. ವಿಕಿರಣ ಅಳೆಯುವ ಗೈಗರ್ ಕೊಳವೆಯಲ್ಲಿ ಒಂದೇ ಒಂದು ಎಲೆಕ್ಟ್ರಾನ್ ಅನಿಲದ ಪರಮಾಣುವಿನಿಂದ ಕಿತ್ತುಬಂದರೂ ಸಾಕು, ವಿದ್ಯುತ್ತಿನ ಮಿಡಿತವೊಂದು ಎದ್ದು ಎಣಿಕೆಗೆ ಸೇರುತ್ತದೆ. ಹೀಗೆ ಹಿಡಿಯುವ ವಿದ್ಯೆಯೇ ಆಸ್ಪತ್ರೆಯ ಎಕ್ಸ್‌ರೇಗೂ ಜೀವಾಳ. ನಮ್ಮ ಗಮನವೆಲ್ಲ ಕಿರಣ ಸೂಸುವ ಟ್ಯೂಬಿನ ಮೇಲಿರುತ್ತದೆ. ಆದರೆ ರೋಗಿಯ ಮೈಗೆ ಎಷ್ಟು ವಿಕಿರಣ ಸಾಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮೈಯ ಆಚೆ ಬದಿಗಿರುವ ಡಿಟೆಕ್ಟರ್.

ಎಕ್ಸ್‌ಕಿರಣ ಬರುವುದು ಬಿಡಿ ಬಿಡಿ ಫೋಟಾನುಗಳಾಗಿ. ಚಿತ್ರದ ಒಂದು ಚುಕ್ಕೆಗೆ 100 ಫೋಟಾನು ದಕ್ಕಿದರೆ ಅದರ ಸಹಜ ಏರಿಳಿತ ಶೇ. 10, 10,000 ದಕ್ಕಿದರೆ ಶೇ. 1. ಏರಿಳಿತ ಹೆಚ್ಚಿದಷ್ಟೂ ಚಿತ್ರದಲ್ಲಿ ಮರಳು ಮರಳು, ಮೂಳೆಯ ಕೂದಲೆಳೆಯ ಬಿರುಕು ಅದರಲ್ಲಿ ಮುಚ್ಚಿಹೋಗುತ್ತದೆ. ಬರಿಯ ಫಿಲ್ಮು ನೂರರಲ್ಲಿ ಒಂದೆರಡು ಫೋಟಾನನ್ನಷ್ಟೇ ಹೀರುತ್ತಿತ್ತು. ಉಳಿದವು ರೋಗಿಯನ್ನು ಹಾಯ್ದು ಬಂದೂ ವ್ಯರ್ಥ. ಕಿರಣ ಬಿದ್ದರೆ ಬೆಳಗುವ ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಪರದೆಯನ್ನು ರಾಂಟ್ಜನ್‌ರ ಶೋಧದ ಮರುವರ್ಷವೇ, 1896ರಲ್ಲಿ, ಫಿಲ್ಮಿಗೆ ಒತ್ತಿಟ್ಟದ್ದು ಇದೇ ಕಾರಣಕ್ಕೆ. ಪರದೆ ದಪ್ಪವಾದರೆ ಹೆಚ್ಚು ಕಿರಣ ಸಿಗುತ್ತದೆ, ಆದರೆ ಬೆಳಕು ಅಕ್ಕಪಕ್ಕ ಹರಡಿ ಚಿತ್ರ ಮಸುಕಾಗುತ್ತದೆ. ಇಂದಿನ ಡಿಜಿಟಲ್ ಯಂತ್ರಗಳ ಫ್ಲಾಟ್ ಪ್ಯಾನೆಲ್ ಡಿಟೆಕ್ಟರ್ ಈ ಇಕ್ಕಟ್ಟನ್ನು ದಾಟಿದ ಬಗೆ ಸೊಗಸಾಗಿದೆ. ಅದರ ಸೀಸಿಯಂ ಅಯೋಡೈಡ್ ಪದರ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಒತ್ತೊತ್ತಾಗಿ ನಿಂತ, ಕೆಲವೇ ಮೈಕ್ರಾನ್ ಅಗಲದ ಸೂಜಿ ಹರಳುಗಳ ಕಾಡು. 60 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಒಂದು ಫೋಟಾನನ್ನು ಹರಳು ಪೂರ್ತಿ ಹೀರಿದರೆ ಸುಮಾರು 3,000 ಬೆಳಕಿನ ಫೋಟಾನುಗಳು ಚಿಮ್ಮುತ್ತವೆ. ಬೆಳಕಿನ ಬಹುಪಾಲು ಸೂಜಿಯ ಒಳಗೋಡೆಗೆ ಬಡಿದು ಪ್ರತಿಫಲಿಸುತ್ತ, ನೇರ ಕೆಳಗಿನ ಸಿಲಿಕಾನ್ ಪದರಕ್ಕೆ ಇಳಿದು ವಿದ್ಯುದಾವೇಶವಾಗುತ್ತದೆ.

ಹಾಗಾದರೆ ಡಿಜಿಟಲ್ ಯಂತ್ರ ಬಂದ ಕಡೆಯೆಲ್ಲ ವಿಕಿರಣ ತಾನಾಗಿ ಇಳಿಯಬೇಕಿತ್ತಲ್ಲ? ಆಕ್ಷೇಪ ಸರಿಯಾದದ್ದೇ. ಕಿರಣ ಹೆಚ್ಚಾದರೆ ಫಿಲ್ಮು ಕಪ್ಪಾಗಿ ತಪ್ಪನ್ನು ಹೇಳಿಬಿಡುತ್ತಿತ್ತು. ಡಿಜಿಟಲ್‌ನಲ್ಲಿ ತಂತ್ರಾಂಶ ಹೊಳಪನ್ನು ಸರಿದೂಗಿಸುತ್ತದೆ. ಅತಿಯಾದ ಕಿರಣದಿಂದ ಚಿತ್ರ ಇನ್ನಷ್ಟು ಚೊಕ್ಕವಾಗಿಯೇ ಕಾಣುತ್ತದೆ. ಹೀಗಾಗಿ ವಿಕಿರಣ ಸದ್ದಿಲ್ಲದೆ ಏರಬಲ್ಲದು. ಒಳ್ಳೆಯ ಡಿಟೆಕ್ಟರ್ ಉಳಿತಾಯಕ್ಕೆ ಅವಕಾಶ ಕೊಡುತ್ತದೆ, ಬಳಸಿಕೊಳ್ಳುವುದು ತಂತ್ರಜ್ಞರ ಕೈಯಲ್ಲಿದೆ.

ಗೈಗರ್ ಕೊಳವೆಯಂತೆ ಒಂದೊಂದೇ ಫೋಟಾನನ್ನು ಎಣಿಸಬಾರದೇಕೆ ಎಂದೂ ಕೇಳಬಹುದು. ಆ ಕೊಳವೆ ಪ್ರತಿ ಮಿಡಿತದ ನಂತರ ಸುಮಾರು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಕಾಲ ಕುರುಡಾಗುತ್ತದೆ. ಸಿಟಿ ಸ್ಕ್ಯಾನಿನಲ್ಲಿ ಚದರ ಮಿಲಿಮೀಟರಿಗೆ ಸೆಕೆಂಡಿಗೆ ಕೋಟಿಗಟ್ಟಲೆ ಫೋಟಾನು ಸುರಿಯುತ್ತವೆ. ಆದ್ದರಿಂದ ಎಣಿಸುವ ಬದಲು ಒಟ್ಟು ಬೆಳಕನ್ನು ಕೂಡಿಸಿಕೊಳ್ಳುವುದೇ ರೂಢಿಯಾಯಿತು. ಇದರಲ್ಲಿ ಸರ್ಕ್ಯೂಟಿನ ಗದ್ದಲವೂ ಮೊತ್ತಕ್ಕೆ ಸೇರುತ್ತದೆ, ಪ್ರತಿ ಫೋಟಾನಿನ ಶಕ್ತಿಯ ವಿವರವೂ ಕಳೆದುಹೋಗುತ್ತದೆ. ಕ್ಯಾಡ್ಮಿಯಂ ಟೆಲ್ಯುರೈಡ್ ಹರಳು ಮತ್ತು ಅತಿವೇಗದ ಚಿಪ್‌ಗಳಿಂದ ಎಣಿಕೆ ಈಗ ಸಾಧ್ಯವಾಗಿದೆ. ಅಂಥ ಮೊದಲ ಸಿಟಿ ಯಂತ್ರಕ್ಕೆ ಅಮೆರಿಕದ ಎಫ್‌ಡಿಎ 2021ರಲ್ಲಿ ಅನುಮತಿ ಕೊಟ್ಟಿತು. ಬೆಲೆ ಮಾತ್ರ ಸಣ್ಣ ಆಸ್ಪತ್ರೆಗಳಿಗೆ ಎಟುಕುವಂಥದ್ದಲ್ಲ.

ಎಟುಕುವ ಕೆಲಸಗಳೂ ಇವೆ. ಬಂದ ಕಿರಣದ ಮಾಹಿತಿಯನ್ನು ಡಿಟೆಕ್ಟರ್ ಎಷ್ಟರಮಟ್ಟಿಗೆ ಉಳಿಸಿಕೊಳ್ಳುತ್ತದೆ ಎಂಬುದರ ಅಳತೆಗೆ ಡಿಕ್ಯುಇ ಎನ್ನುತ್ತಾರೆ. ಹೊಸ ಎಕ್ಸ್‌ರೇ ಯಂತ್ರ ಕೊಳ್ಳುವ ತಾಲ್ಲೂಕು ಆಸ್ಪತ್ರೆಗಳು ಟ್ಯೂಬಿನ ಕಿಲೋವ್ಯಾಟ್ ಕೇಳುವ ಮೊದಲು ಈ ಅಂಕಿಯನ್ನು ಕೇಳಲಿ. ಕೊಂಡ ಮೇಲೆ, ಡಿಟೆಕ್ಟರಿಗೆ ಎಷ್ಟು ಕಿರಣ ತಲುಪಿತೆಂದು ತಿಳಿಸಲು ಪ್ರತಿ ಚಿತ್ರದ ಜೊತೆ ಪರದೆಯಲ್ಲಿ ಮೂಡುವ ಎಕ್ಸ್‌ಪೋಷರ್ ಇಂಡೆಕ್ಸನ್ನು ತಪ್ಪದೆ ನೋಡಲಿ.