ಮೋಟಾರು–ಪಂಪಿನ ನಂಟು: ಮನೆಯಲ್ಲೇ ಕಪ್ಲಿಂಗ್ ಮಾಡಿಕೊಳ್ಳುವವರಿಗೆ ಕಿವಿಮಾತು

ಪೆಂಡುರ್ತಿ (ವಿಶಾಖಪಟ್ಟಣ): ಬೇಸಿಗೆ ಬಂತೆಂದರೆ ನೀರಿನ ಚಿಂತೆ. ಅರಕು ಕಣಿವೆಯತ್ತ ಹೋಗುವ ರೈಲುದಾರಿಯಲ್ಲಿರುವ ಪೆಂಡುರ್ತಿಯಂಥ ಹೊರವಲಯದಲ್ಲಿ ಉದ್ಯೋಗ ನಿಮಿತ್ತ ಬಂದು ಮನೆ ಕಟ್ಟಿಕೊಂಡವರಿಗೆ ಬಾವಿ, ಸಂಪಿನ ಪಂಪೇ ಆಸರೆ. ಅದು ಕೆಟ್ಟು ನಿಂತ ದಿನ ಮನೆಮಂದಿಯೆಲ್ಲ ಕೊಡ ಹಿಡಿಯಬೇಕು. ಮೂಲೆಯಲ್ಲಿ ಬಿದ್ದಿರುವ ಹಳೆಯ ಮೋಟಾರಿಗೆ ಗುಜರಿಯಿಂದ ತಂದ ಪಂಪು ಜೋಡಿಸಿ ಕೆಲಸ ಸಾಗಿಸೋಣ ಎಂಬ ಯೋಚನೆ ಆಗ ಬರುವುದು ಸಹಜ. ಎರಡೂ ಚೆನ್ನಾಗಿರುತ್ತವೆ. ಎರಡರ ಷಾಫ್ಟುಗಳನ್ನು ಸೇರಿಸುವ ಕಪ್ಲಿಂಗ್ ಮಾತ್ರ ಇರುವುದಿಲ್ಲ.

ಪಂಪು, ಮೋಟಾರು, ಲೇತ್ ಈ ಮೂರಕ್ಕೂ ಕನ್ನಡ ನೆಲದ ನಂಟಿದೆ ಎಂಬುದು ಹೆಮ್ಮೆಯ ವಿಷಯ. ಕಿರ್ಲೋಸ್ಕರ್ ಉದ್ಯಮದ ಸ್ಥಾಪಕ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭವಾದ ಅವರ ಸಾಹಸ ಕಬ್ಬಿಣದ ನೇಗಿಲು, ಪಂಪುಗಳವರೆಗೆ ಬೆಳೆಯಿತು. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾಯಿತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಮೋಟಾರು ತಯಾರಿಸುವ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಬೆಂಗಳೂರಿನಲ್ಲಿ ಹುಟ್ಟಿದ್ದು 1946ರಲ್ಲಿ.

ಇಂದು ಮನೆಮನೆಯಲ್ಲಿರುವ ಮೋನೋಬ್ಲಾಕ್ ಪಂಪಿನಲ್ಲಿ ಮೋಟಾರಿಗೂ ಪಂಪಿಗೂ ಒಂದೇ ಷಾಫ್ಟು. ಅಲ್ಲಿ ಕಪ್ಲಿಂಗಿನ ಪ್ರಶ್ನೆಯೇ ಇಲ್ಲ. ಎರಡೂ ಬೇರೆಬೇರೆಯಾಗಿದ್ದಾಗಲೇ ತೊಡಕು.

ಮೊದಲು ನೋಡಬೇಕಾದದ್ದು ಎರಡರ ಮೇಲಿನ ತಗಡಿನ ಫಲಕ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಾಲ್ಕು ಪೋಲಿನ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು, ಎರಡು ಪೋಲಿನದು ಸುಮಾರು 2880 ಸುತ್ತು ತಿರುಗುತ್ತದೆ. 1440ರ ಪಂಪಿಗೆ 2880ರ ಮೋಟಾರು ಕಟ್ಟಿದರೆ ನೀರು ಇಮ್ಮಡಿ ಬರುತ್ತದೆಂದು ಹಿಗ್ಗುವಂತಿಲ್ಲ. ವೇಗ ಎರಡು ಪಟ್ಟಾದರೆ ಪಂಪು ಬೇಡುವ ಶಕ್ತಿ ಎಂಟು ಪಟ್ಟಾಗುತ್ತದೆ. ಮೋಟಾರು ಸುಟ್ಟುಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ತಿರುಗುವ ದಿಕ್ಕನ್ನೂ ಜೋಡಿಸುವ ಮೊದಲೇ ನೋಡಿಕೊಳ್ಳಬೇಕು. ಉಲ್ಟಾ ತಿರುಗಿದರೆ ಥ್ರೆಡ್ಡಿನ ಇಂಪೆಲ್ಲರ್ ಬಿಚ್ಚಿಕೊಳ್ಳುವ ಅಪಾಯವಿದೆ.

ಕಪ್ಲಿಂಗ್ ಮಾಡುವ ಸುಲಭದ ದಾರಿ ಎಂದರೆ ಎರಡೂ ಷಾಫ್ಟಿಗೆ ಒಂದೇ ಪೈಪಿನ ತುಂಡು ಹಾಕಿ ಬಿಗಿಯುವುದು. ನೋಡಲು ಗಟ್ಟಿ, ನಿಜದಲ್ಲಿ ಕಷ್ಟ. ಕೂದಲೆಳೆಯಷ್ಟು ವಾರೆಯಿದ್ದರೂ ಅದು ಬಾಗುವುದಿಲ್ಲ. ಆ ಒತ್ತಡವೆಲ್ಲ ಬೇರಿಂಗಿನ ಮೇಲೆ ಬೀಳುತ್ತದೆ. ನಡುವೆ ರಬ್ಬರ್ ಇರುವ ಜೋಡಣೆಯೇ ಲೇಸು. ಎರಡು ಕಬ್ಬಿಣದ ಫ್ಲಾಂಜು, ಅವುಗಳ ನಡುವೆ ಹಳೆಯ ಕನ್ವೇಯರ್ ಬೆಲ್ಟಿನಿಂದ ಕತ್ತರಿಸಿದ ದುಂಡನೆಯ ತುಂಡು. ಆರು ಬೋಲ್ಟುಗಳಲ್ಲಿ ಒಂದು ಬಿಟ್ಟು ಒಂದರಂತೆ ಮೂರು ಮೋಟಾರಿನ ಫ್ಲಾಂಜಿಗೆ, ಮೂರು ಪಂಪಿನದಕ್ಕೆ. ಯಾವ ಬೋಲ್ಟೂ ಎದುರಿನ ಫ್ಲಾಂಜಿಗೆ ತಾಗದಂತೆ ಅಲ್ಲಿ ದೊಡ್ಡ ತೂತು ಬಿಡಬೇಕು. ಪಂಪು ಸಿಕ್ಕಿಕೊಂಡರೆ ಮೊದಲು ಹರಿಯುವುದು ರಬ್ಬರ್, ಷಾಫ್ಟು ಉಳಿಯುತ್ತದೆ.

ಫ್ಲಾಂಜಿನ ಕೆಲಸವನ್ನು ಲೇತ್ ಶಾಪಿಗೇ ಬಿಡಬೇಕು. ವಿಶಾಖಪಟ್ಟಣದ ಗಾಜುವಾಕದಲ್ಲೂ ವಿಜಯವಾಡದಲ್ಲೂ ಆಟೋನಗರವಿದೆ. ಷಾಫ್ಟಿನ ಅಳತೆಯನ್ನು ಟೇಪಿನಿಂದಲ್ಲ, ವರ್ನಿಯರಿನಿಂದ ತೆಗೆದುಕೊಂಡು ಹೋಗಬೇಕು. ಸಾಮಾನ್ಯ ಮೋಟಾರುಗಳಲ್ಲಿ 80 ಫ್ರೇಮಿಗೆ 19 ಮಿ.ಮೀ., 90 ಫ್ರೇಮಿಗೆ 24 ಮಿ.ಮೀ. ಷಾಫ್ಟು. ಪಂಪಿನದು ಬೇರೆಯೇ ಇರಬಹುದು. ತೂತು ಕೊರೆಯುವುದೂ ಮುಖ ಸವರುವುದೂ ಒಂದೇ ಸಲ ಚಕ್‌ನಲ್ಲಿ ಹಿಡಿದಾಗಲೇ ಆಗಬೇಕೆಂದು ಹೇಳಿ. ಬಿಚ್ಚಿ ಮತ್ತೆ ಹಿಡಿದರೆ ಮುಖ ಓಲಾಡುತ್ತದೆ. ಬರೀ ಗ್ರಬ್ ಸ್ಕ್ರೂ ಸಾಲದು, ಕೀ ಇರಲೇಬೇಕು. 1440 ಸುತ್ತಿನ ಒಂದು ಎಚ್‌ಪಿ ಮೋಟಾರಿನ ತಿರುಚುಬಲ ಸುಮಾರು 5 ನ್ಯೂಟನ್ ಮೀಟರ್. ಸ್ವಿಚ್ ಹಾಕಿದ ಕ್ಷಣದಲ್ಲಿ ಅದು ಇನ್ನೂ ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದದ್ದು ನೇರ ಕೂಡಿಸುವುದು. ಎರಡೂ ಯಂತ್ರ ಒಂದೇ ಗಟ್ಟಿ ಚೌಕಟ್ಟಿನ ಮೇಲಿರಬೇಕು. ಸ್ಟೀಲ್ ಸ್ಕೇಲನ್ನು ಎರಡೂ ಫ್ಲಾಂಜಿನ ಅಂಚಿಗೆ ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆ ಹಿಡಿದು ನೋಡಬೇಕು. ಬೆಳಕು ಕಂಡರೆ ಏರುಪೇರಿದೆ ಎಂದರ್ಥ. ಎರಡು ಮುಖಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ನಾಲ್ಕು ಕಡೆ ಅಳೆಯಬೇಕು. ಮೋಟಾರು ತಗ್ಗಿದ್ದರೆ ಕಾಲಿನಡಿ ತಗಡಿನ ಚೂರು ಕೊಡಬೇಕು. ಪೈಪು ಬಿಗಿದ ಮೇಲೆ ಮತ್ತೊಮ್ಮೆ ನೋಡುವುದನ್ನು ಬಹಳ ಮಂದಿ ಮರೆಯುತ್ತಾರೆ. ಬಲವಂತದಿಂದ ಕೂಡಿಸಿದ ಪೈಪು ಪಂಪನ್ನೇ ಎಳೆದಿರುತ್ತದೆ. ಕೊನೆಗೆ ಕೈಯಿಂದ ತಿರುಗಿಸಿದರೆ ಷಾಫ್ಟು ಎಲ್ಲೂ ತಡೆಯದೆ ತಿರುಗಬೇಕು. ಅರ್ಧ ಗಂಟೆ ಓಡಿಸಿ ನೋಡಿದಾಗ ಬೇರಿಂಗ್ ಕೈಸುಡುವಷ್ಟು ಬಿಸಿಯಾದರೆ, ರಬ್ಬರ್ ಪುಡಿ ಉದುರಿದ್ದರೆ ಮತ್ತೆ ಮೊದಲಿನಿಂದ.

ಇಷ್ಟೆಲ್ಲ ಮಾಡಿ ಮುಚ್ಚಳ ಹಾಕದಿದ್ದರೆ ಎಲ್ಲವೂ ವ್ಯರ್ಥ. ಸೆಕೆಂಡಿಗೆ 24 ಸಲ ತಿರುಗುವ ಬೋಲ್ಟಿನ ತಲೆ ಕಣ್ಣಿಗೆ ಕಾಣುವುದಿಲ್ಲ. ಸೀರೆಯ ಸೆರಗು, ಲುಂಗಿಯ ಅಂಚು, ಮಗುವಿನ ಬೆರಳು, ಯಾವುದನ್ನೂ ಅದು ಬಿಡುವುದಿಲ್ಲ. ಹಳೆಯ ಎಣ್ಣೆಡಬ್ಬಿಯ ತಗಡನ್ನು ಬಗ್ಗಿಸಿ ಚೌಕಟ್ಟಿಗೆ ಬೋಲ್ಟು ಹಾಕಿದರೂ ಸಾಕು. ಮೋಟಾರಿಗೆ ಅರ್ತಿಂಗ್ ಇರಲಿ. ಕೈ ಹಾಕುವ ಮುನ್ನ ಮೇನ್ ಆಫ್ ಮಾಡಿ, ಫ್ಯೂಸ್ ತೆಗೆದು ಜೇಬಿನಲ್ಲಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ಉಕ್ಕಿನ ಕಾರ್ಖಾನೆ, ಹಡಗುಕಟ್ಟೆಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಫಿಟ್ಟರುಗಳು ಈ ಊರಿನಲ್ಲಿದ್ದಾರೆ. ಅವರಿಗೆ ಈ ವಿದ್ಯೆ ಕೈಯಲ್ಲೇ ಇದೆ. ಮುಂದಿನ ಬೇಸಿಗೆಗೆ ಮುನ್ನ ಸಂಘ–ಸಂಸ್ಥೆಗಳು ಒಂದು ಭಾನುವಾರ ಇಂಥ ಹಿರಿಯರನ್ನು ಕೂರಿಸಿ ಯುವಕರಿಗೆ ತೋರಿಸಿಕೊಟ್ಟರೆ ನೀರೂ ಉಳಿದೀತು, ಬೆರಳೂ ಉಳಿದೀತು.